ಕಿರುಬೆರಳಿಗೆ ಮೂರು ಸುತ್ತು

2023ರ ಜೂನ್ ತಿಂಗಳ ಮೂರನೆಯ ಸೋಮವಾರ ಸಂಜೆ ಐದರ ಸುಮಾರಿಗೆ, ಕೊಪ್ಪಳದಲ್ಲಿ ನಮ್ಮ ಪಕ್ಕದ ಮನೆಯ ಕಟ್ಟೆಯ ಮೇಲೆ ಕುಳಿತು ಕ್ರೋಶಾ ಹಾಕುತ್ತಿದ್ದಾಗ ದಾರ ನನ್ನ ಎಡಗೈಯ ಕಿರುಬೆರಳನ್ನು ಕೊಯ್ದಿತು. ಅದು ನನಗೆ ಗೊತ್ತಾಗಲಿಲ್ಲ. ಬಿಳಿ ದಾರದ ಉಂಡೆ ಕೆಂಪಾಗುತ್ತಿರುವುದನ್ನು ಮೊದಲು ನೋಡಿದವರು ಎದುರಿಗೆ ಕುಳಿತಿದ್ದ ಹಮೀದಾ ಆಪಾ.

"ಏ ರೇಣುಕಾ, ರಕ್ತ! ಯಾ ಅಲ್ಲಾ, ಎಷ್ಟ್ ರಕ್ತ!"

"ಯಾರದು?" ಎಂದು ನಾನು ಕೇಳಿದೆ.

ಹನ್ನೊಂದು ವರ್ಷಗಳಿಂದ ನಾನು ದಿನಪತ್ರಿಕೆಯೊಂದರ ಕೊಪ್ಪಳ ಕಚೇರಿಯಲ್ಲಿ ವರದಿಗಾರ್ತಿ. ಅಪಘಾತ, ಬೆಂಕಿ, ಕಾಲುವೆಯಲ್ಲಿ ಮುಳುಗಿದವರು, ಎಲ್ಲವನ್ನೂ ಬರೆದಿದ್ದೇನೆ. ಸ್ವಂತ ರಕ್ತವನ್ನು ನೋಡುತ್ತ ಅದು ಯಾರದೆಂದು ಕೇಳಿದ್ದು ಅದೇ ಮೊದಲು. ಆಪಾ ನನ್ನ ಕೈ ಹಿಡಿದು ದಾರ ಬಿಚ್ಚಿದರು. ಅದು ಬೆರಳಿಗೆ ಮೂರು ಸುತ್ತು ಬಿಗಿದಿತ್ತು. ಮಧ್ಯದ ಸುತ್ತು ಚರ್ಮದೊಳಗೆ ಇಳಿದಿತ್ತು. ಅವರು ಅದನ್ನು ಎಳೆದು ತೆಗೆಯುವಾಗ ನನ್ನ ಮುಖವನ್ನೇ ನೋಡುತ್ತಿದ್ದರು. "ನೂಯಾಂಗಿಲ್ಲೇನು?" ಎಂದು ಕೇಳಿದರು. ಇಲ್ಲ ಅಂದೆ.

ಆ ಸಂಜೆಗೆ ಮೊದಲಿನ ನಾಲ್ಕು ತಿಂಗಳನ್ನು ನಾನು ನೆನಪಿನಿಂದ ಬರೆಯುತ್ತಿಲ್ಲ. ದಾಖಲೆ ಇದೆ. ಬಟ್ಟೆ ಚೀಲವೊಂದರಲ್ಲಿ ನಾನು ಹೆಣೆದ ಚೌಕಗಳಿವೆ. ಪ್ರತಿಯೊಂದಕ್ಕೂ ವಾರ, ತಿಂಗಳು ಬರೆದ ಚೀಟಿ ಪಿನ್ನಿನಲ್ಲಿ ಚುಚ್ಚಿದೆ. ಅದು ವೃತ್ತಿಯ ಚಟ.

ಫೆಬ್ರುವರಿಯಲ್ಲಿ ನನ್ನ ತಮ್ಮ ಮಲ್ಲೇಶನ ಹೆಂಡತಿ ಶೋಭಾ ಬಸಿರೆಂದು ತಿಳಿಯಿತು. ಮನೆಯಲ್ಲಿ ಇದ್ದವರು ನಾವು ನಾಲ್ವರು: ಅವ್ವ, ಮಲ್ಲೇಶ, ಶೋಭಾ, ನಾನು. ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ, ಅಂದರೆ ತಂದೆಯ ಅಕ್ಕ ಅಥವಾ ತಂಗಿ. ಮಲ್ಲೇಶನಿಗೆ ಇರುವವಳು ನಾನೊಬ್ಬಳೇ. ತೊಟ್ಟಿಲಿಗೆ ಹಾಕುವ ದಿನ ನಾನು ಬಗ್ಗಿ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳಬೇಕು. ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರೆಲ್ಲ ನಗುತ್ತ ನನ್ನ ಬೆನ್ನಿಗೆ ಗುದ್ದಬೇಕು. ಗುದ್ದು ಜೋರಾದಷ್ಟೂ ನಗು ಜೋರು. ಕೂಸಿನ ತಲೆಗೆ ಸೋದರತ್ತೆಯ ಟೊಪ್ಪಿಗೆ ಹಾಕಬೇಕು. ಅಂಗಡಿಯದು ಬೇಡ, ಕೈಯಾರೆ ಹೆಣೆದದ್ದು ಕೊಡಬೇಕೆಂದು ನಾನು ಎಣಿಸಿದೆ. ಹಾಗಾಗಿ ಹಮೀದಾ ಆಪಾರ ಕಟ್ಟೆಗೆ ಹೋದೆ.

ಆಪಾರಿಗೆ ಅರವತ್ತರ ಹತ್ತಿರ. ನಮಾಜಿನ ಬಿಳಿ ಟೋಪಿಗಳನ್ನು ಕ್ರೋಶಾದಲ್ಲಿ ಹೆಣೆದು ಗಂಗಾವತಿಯ ಅಂಗಡಿಯೊಂದಕ್ಕೆ ಕೊಡುತ್ತಾರೆ. ಪ್ರತಿ ಗುರುವಾರ ಅಂಗಡಿಯವನು ಬಂದು ಒಯ್ಯುತ್ತಾನೆ.

"ಪೇಪರ್‌ನಾಕಿ, ನಿನಗ್ಯಾಕ ಇದು? ನೀ ಬರೀ ಹಂಗ ಬರೀತಿ, ಹಿಂಗ ಬರೀತಿ. ಇಲ್ಲಿ ಒಂದ್ ಕಣ್ಣು ತಪ್ಪಿದ್ರ ಟೋಪಿ ಹೋಗಿ ಬುಟ್ಟಿ ಆಗ್ತೈತಿ" ಎಂದು ನಕ್ಕು ಸೂಜಿ ಕೊಟ್ಟರು.

ಟೊಪ್ಪಿಗೆಯನ್ನು ಆಗಲೇ ಶುರು ಮಾಡಲು ಅವ್ವ ಬಿಡಲಿಲ್ಲ. "ಕೂಸು ಕೈಗೆ ಬರೂತನಕ ಅದರ ಹೆಸರ್ಲೆ ಒಂದ್ ಎಳಿನೂ ಹಾಕಬ್ಯಾಡ" ಎಂದಳು. ಆಪಾರೂ ಅದಕ್ಕೆ ಹೂಂಗುಟ್ಟಿದರು. "ಅಲ್ಲೀತನಕ ಚೌಕ ಹಾಕು. ಬಿಸಿ ಭಾಂಡಿ ಹಿಡಿಯಾಕ ಆಗ್ತಾವ." ಹೊಸದಾಗಿ ಕಲಿಯುವವರಿಗೆ ಅದೇ ಮೊದಲ ಪಾಠ. ಇಪ್ಪತ್ತು ಕಣ್ಣಿನ, ಅಂದರೆ ಇಪ್ಪತ್ತು ಕುಣಿಕೆಯ ಸರಪಳಿ, ತಿರುಗಿಸಿ ಇಪ್ಪತ್ತು ಕಣ್ಣು, ಮತ್ತೆ ತಿರುಗಿಸುವುದು. ಇಪ್ಪತ್ತು ಸಾಲಿಗೆ ಒಂದು ಚೌಕ. ಬಲಗೈಯಲ್ಲಿ ಸೂಜಿ. ದಾರ ಎಡಗೈಯ ಕಿರುಬೆರಳಿಗೆ ಒಂದು ಸುತ್ತು ಬಂದು, ಬೆರಳುಗಳ ಮೇಲಿಂದ ಹಾದು ಸೂಜಿಗೆ ಸೇರುತ್ತದೆ. ದಾರವನ್ನು ಎಷ್ಟು ಬಿಡಬೇಕು, ಎಷ್ಟು ತಡೆಯಬೇಕು ಎಂಬುದು ಕಿರುಬೆರಳಿನ ಕೆಲಸ.

ಮಾರ್ಚ್ ತಿಂಗಳ ಚೌಕಗಳು ಓರೆಕೋರೆ, ಆದರೆ ಬಿಗಿ. ಏಪ್ರಿಲ್‌ನಲ್ಲಿ ಅಂಚು ನೆಟ್ಟಗಾಯಿತು, ಹೆಣಿಗೆ ಮಾತ್ರ ಸಡಿಲಾಯಿತು. ಎಣಿಸಿದರೆ ಇಪ್ಪತ್ತೇ ಕಣ್ಣು, ಚೌಕ ಮೊದಲಿನದಕ್ಕಿಂತ ಎರಡು ಬೆರಳು ಅಗಲ. ಆಪಾ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ಚೌಕ ಅಲ್ಲ, ಸೊಳ್ಳಿ ಪರದೆ. ಕಿರುಬೆರಳ ಹಿಡಿಯವಲ್ದು ನಿಂದು. ಎರಡು ಸುತ್ತು ಹಾಕು."

ಎರಡು ಸುತ್ತು ಹಾಕಿದೆ. ಮೇ ತಿಂಗಳಲ್ಲಿ ಅದೂ ಸಾಲದಾಯಿತು. "ಮೂರು ಹಾಕು" ಎಂದರು. ಹೆಣಿಗೆ ಮತ್ತೆ ಬಿಗಿಯಾಯಿತು. ಇಬ್ಬರಿಗೂ ಸಮಾಧಾನವಾಯಿತು. ಕೈ ಪಳಗುತ್ತ ಹೋದರೆ ಹೆಣಿಗೆ ಸಡಿಲಾಗುವುದು ಯಾಕೆ ಎಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ. ಕೇಳುವುದು ನನ್ನ ವೃತ್ತಿಯಾಗಿತ್ತು.

ಅದೇ ಎಡಗೈಯ ಮೊಣಕೈ ಕೆಳಗೆ ತಿಳಿಬಣ್ಣದ ಮಚ್ಚೆಯೊಂದು ಇತ್ತು. ಒಂದು ವರ್ಷದ ಮೇಲಾಗಿರಬೇಕು. ಅವ್ವ ಅದನ್ನು ಬೆವರಿಗೆ ಏಳುವ ಸಿಬ್ಬ ಎಂದಳು. ಔಷಧಿ ಅಂಗಡಿಯ ಮುಲಾಮು ಹಚ್ಚುತ್ತಿದ್ದೆ. ಅದು ತುರಿಸುತ್ತಿರಲಿಲ್ಲ, ನೋಯುತ್ತಿರಲಿಲ್ಲ. ನೋಯದ್ದನ್ನು ತೋರಿಸಲು ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ.

ರಕ್ತ ಬಂದ ಮರುದಿನ ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗದ ಬೆಂಚಿನ ಮೇಲೆ ಎರಡೂವರೆ ಗಂಟೆ ಕುಳಿತೆ. ವರದಿಗಾಗಿ ಎಷ್ಟೋ ಸಲ ಬಂದಿದ್ದ ಕಟ್ಟಡ. ಆಗೆಲ್ಲ ನೇರ ಒಳಗೆ ಹೋಗುತ್ತಿದ್ದೆ. ಆ ದಿನ ಚೀಟಿ ಮಾಡಿಸಿ ಸಾಲಿನಲ್ಲಿ ಕುಳಿತೆ. ಪರಿಚಯದ ಗುಮಾಸ್ತರೊಬ್ಬರು "ಏನ್ ಮೇಡಂ, ಸುದ್ದಿ ಏನಾರ ಐತೇನ್ರಿ?" ಎಂದು ಕೇಳಿ ಹೋದರು.

ವೈದ್ಯೆ ಚಿಕ್ಕ ವಯಸ್ಸಿನವರು. "ಕಣ್ ಮುಚ್ಚರಿ. ನಾ ಮುಟ್ಟಿದಲ್ಲಿ ಬೆರಳಿಟ್ಟು ತೋರಸ್ರಿ" ಎಂದರು. ನಾನು ಕಣ್ಣು ಮುಚ್ಚಿ ಕಾದೆ. ಬಲಗೈಯಲ್ಲಿ ಎಲ್ಲ ಕಡೆ ತೋರಿಸಿದೆ. ಎಡಗೈಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ತೋರಿಸಿದೆ. ಆಮೇಲೆ ಸುಮ್ಮನಾಯಿತು. ಕಾದು ಕಾದು ನಾನೇ ಕೇಳಿದೆ.

"ಉಳಿದ ಎರಡು ಬೆರಳು ಯಾವಾಗ ಮುಟ್ತೀರಿ?"

"ಮುಟ್ಟಿದ್ದಾತ್ರಿ. ಮಚ್ಚಿನೂ ಮುಟ್ಟಿದ್ದಾತು. ಕಣ್ ತೆಗೀರಿ."

ಅವರು ಮೊಣಕೈಯ ಒಳಬದಿಯಲ್ಲಿ ನರವನ್ನು ಒತ್ತಿ ನೋಡಿದರು. ಅದು ಹಗ್ಗದಂತೆ ದಪ್ಪವಾಗಿತ್ತು. ಕುಷ್ಠ ಎಂಬ ಪದವನ್ನು ಅವರು ತಗ್ಗಿಸದ ದನಿಯಲ್ಲೇ ಹೇಳಿದರು. ಗುಣವಾಗುತ್ತದೆ, ಮಾತ್ರೆ ಉಚಿತ, ಒಂದು ವರ್ಷ ಬಿಡದೆ ನುಂಗಬೇಕು, ಮನೆಯಲ್ಲೇ ಇರಬಹುದು, ಕೆಲಸಕ್ಕೂ ಹೋಗಬಹುದು. ನಾನು ಇದನ್ನೆಲ್ಲ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಅಕ್ಷರ ಈಗ ನೋಡಿದರೂ ಸ್ಪಷ್ಟವಾಗಿದೆ. ರೋಗದ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ.

"ಬೆರಳು ಯಾವಾಗಿಂದ ಹಿಂಗ?" ಎಂದು ಅವರು ಕೇಳಿದರು. ಗೊತ್ತಿಲ್ಲ ಎಂದೆ. ಆಮೇಲೆ ನೆನಪಾಗಿ, ಜೊತೆಗೇ ಇದ್ದ ಚೌಕಗಳ ಚೀಲ ತೆಗೆದೆ. ಅವರು ಚೌಕಗಳನ್ನು ಚೀಟಿಯ ಪ್ರಕಾರ ಮೇಜಿನ ಮೇಲೆ ಸಾಲಾಗಿ ಹರವಿದರು. ಹೊರಗೆ ಸರದಿಯವರು ಬಾಗಿಲಿಂದ ಇಣುಕುತ್ತಿದ್ದರು.

"ಇಲ್ಲಿಂದ ಸಡಿಲ ಅದಾವ. ಏಪ್ರಿಲ್. ಇಲ್ಲಿ ಮತ್ತ ಬಿಗಿ ಆಗ್ಯಾವ. ಇಲ್ಲಿ ಏನ್ ಮಾಡಿದ್ರಿ?"

"ಸುತ್ತು ಹೆಚ್ಚ ಹಾಕಿದೆ."

"ಏಪ್ರಿಲ್‌ನಾಗ ಬಂದಿದ್ರ..." ಎಂದು ಅವರು ವಾಕ್ಯ ನಿಲ್ಲಿಸಿದರು. ನರದ ಊತ ಇಳಿಸಲು ಬೇರೆ ಮಾತ್ರೆಯನ್ನೂ ಬರೆದರು. ಬೆರಳಿಗೆ ಸ್ಪರ್ಶ ಮರಳುತ್ತದೆಯೇ ಎಂದು ಕೇಳಿದೆ. "ನೋಡೂಣು" ಎಂದರು. ಮೊದಲ ಮಾತ್ರೆಗಳನ್ನು ಅವರ ಎದುರೇ ನುಂಗಿದೆ. ಅಂದು ಮೂತ್ರ ಕೆಂಪಾಗಿತ್ತು. ಹಾಗಾಗುತ್ತದೆ ಎಂದು ಮೊದಲೇ ಹೇಳಿದ್ದರು. ಆದರೂ ಎರಡೆರಡು ಸಲ ನೀರು ಸುರಿದೆ.

ಇಲ್ಲಿ ಒಂದು ತಿದ್ದುಪಡಿಯನ್ನು ದಾಖಲಿಸಬೇಕು. ಕೆಲವು ವರ್ಷಗಳ ಹಿಂದೆ, ಲಂಚ ಪ್ರಕರಣವೊಂದರ ವರದಿಗೆ ನಾನೇ ಕೊಟ್ಟ ಶೀರ್ಷಿಕೆಯಲ್ಲಿ ಭ್ರಷ್ಟಾಚಾರವನ್ನು ಕುಷ್ಠ ಎಂದು ಕರೆದಿದ್ದೆ. ಕಚೇರಿಯಲ್ಲಿ ಅದಕ್ಕೆ ಮೆಚ್ಚುಗೆ ಬಂದಿತ್ತು. ಆ ಶೀರ್ಷಿಕೆ ತಪ್ಪು.

ಮನೆಯಲ್ಲಿ ಅವ್ವನಿಗೆ ಮೊದಲು ಹೇಳಿದೆ. ಅವಳು ಮೆಂತ್ಯ ಸೋಸುತ್ತಿದ್ದಳು. ಸೋಸುವುದು ನಿಲ್ಲಿಸಲಿಲ್ಲ.

"ಕೈಬೆರಳ ಉದುರತಾವೇನು?"

"ಇಲ್ಲ ಬೇ. ಗುಳಗಿ ತಗೊಂಡ್ರ ಆರಾಮ ಆಗ್ತೈತಿ."

"ಮಂದಿಗೆ ಏನಂತ ಹೇಳೂದು?"

"ನರದ ತ್ರಾಸ ಅನ್ನು. ಅದೂ ಖರೇನ."

"ಯಲಬುರ್ಗಾಕ್ಕ ಫೋನ್ ಹಚ್ಚಬ್ಯಾಡ" ಎಂದಳು. ನಮ್ಮ ಬಳಗವೆಲ್ಲ ಇರುವುದು ಅಲ್ಲಿ.

ಮರುದಿನ ಬೆಳಿಗ್ಗೆ ನನಗೆ ರೊಟ್ಟಿ ಬಡಿಸಿದ ತಾಟು ಬೇರೆಯಾಗಿತ್ತು. ತೀರಿಹೋದ ಅಪ್ಪನ ಹೆಸರು ಕೆತ್ತಿದ, ಅಟ್ಟದ ಮೇಲಿಟ್ಟಿದ್ದ ತಾಟು. ಅದೊಂದನ್ನು ತೊಳೆದು ಬೇರೆ ಗೂಡಿನಲ್ಲಿ ಇಡುತ್ತಿದ್ದಳು.

ಮಲ್ಲೇಶ ತಾನೇ ಹೋಗಿ ವೈದ್ಯರನ್ನು ಕಂಡು ಬಂದ. ಆರೋಗ್ಯ ಇಲಾಖೆಯವರು ಮನೆಗೆ ಬಂದು ಎಲ್ಲರ ಮೈ ಪರೀಕ್ಷಿಸಿದರು. ಯಾರಿಗೂ ಏನೂ ಇರಲಿಲ್ಲ. ಓಣಿಯವರು ಕೇಳಿದಾಗ ಅವ್ವ "ಮಲೇರಿಯಾದವರು" ಎಂದಳು. ಅದಾದ ನಾಲ್ಕನೆಯ ದಿನ ಶೋಭಾ ಹನುಮಸಾಗರದ ತವರಿಗೆ ಹೊರಟಳು. ಏಳನೆಯ ತಿಂಗಳಿಗೆ ನಮ್ಮ ಮನೆಯಲ್ಲಿ ಕುಬುಸ ಮಾಡಿ, ಹಸಿರು ಸೀರೆ ಉಡಿಸಿ ಕಳಿಸಬೇಕಿತ್ತು. ಅವಳು ಆರಕ್ಕೇ ಹೋದಳು. "ಅಲ್ಲಿ ಆರೈಕಿ ಛಲೋ ಆಗ್ತೈತಿ ಅಕ್ಕಾರ" ಎಂದಳು. ಚಪ್ಪಲಿ ಮೆಟ್ಟುವಾಗ ಅವಳ ಚೀಲ ಹಿಡಿಯಲು ಕೈ ಚಾಚಿದೆ. ಅವಳು ಅದನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ಕುಬುಸ ಹನುಮಸಾಗರದಲ್ಲೇ ನಡೆಯಿತು. ಅವ್ವ ಒಬ್ಬಳೇ ಹೋಗಿ ಬಂದಳು.

ಹಮೀದಾ ಆಪಾರಿಗೆ ನಾನೇ ಹೇಳಿದೆ. ಅವರು ನನ್ನ ಬೆರಳನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಗಾಯದ ಪಟ್ಟಿ ಬಿಚ್ಚಿ ನೋಡಿದರು.

"ಎರಡು ಸುತ್ತು ಅಂದಾಕಿ ನಾ. ಮೂರು ಅಂದಾಕೀನೂ ನಾ."

"ನಿಮಗೇನ್ ಗೊತ್ತಿತ್ರಿ ಆಪಾ."

"ಗೊತ್ತಿದ್ದಿಲ್ಲ. ಅದಕ್ಕ ಅಂದೆ." ಪಟ್ಟಿಯನ್ನು ಮತ್ತೆ ಕಟ್ಟುತ್ತ ಹೇಳಿದರು: "ನೀ ಬಾ. ಬರೂದು ಬಿಡಬ್ಯಾಡ. ಗುರುವಾರ ಒಂದಿನ ಅಷ್ಟ ಒಳಗ ಕೂಡು. ಗಂಗಾವತಿಯಾಂವ ಬರ್ತಾನ. ಅವ ಒಂದ್ ಮಾತಾಡಿದ್ರ ನನ್ನ ಟೋಪಿ ಯಾರೂ ಮುಟ್ಟಾಂಗಿಲ್ಲ."

ಗುರುವಾರಗಳಂದು ನಾನು ಅವರ ಅಡುಗೆಮನೆಯಲ್ಲಿ ಕುಳಿತೆ. ಉಳಿದ ದಿನ ಕಟ್ಟೆಯ ಮೇಲೆ. ಇದನ್ನು ದೂರು ಎಂದು ಬರೆಯುತ್ತಿಲ್ಲ. ಆ ತಿಂಗಳುಗಳಲ್ಲಿ ನನ್ನ ಎಡಗೈ ಮುಟ್ಟಿದವರು ವೈದ್ಯೆ ಮತ್ತು ಆಪಾ, ಇಬ್ಬರೇ.

ಆಸ್ಪತ್ರೆಯ ಬೆಂಚಿನಲ್ಲಿ ಪ್ರತಿ ತಿಂಗಳು ಸಿಗುತ್ತಿದ್ದವರು ಕನಕಗಿರಿ ಕಡೆಯ ಕೂಲಿಕಾರ, ದುರ್ಗಪ್ಪ. ಎರಡೂ ಕೈಯ ಬೆರಳು ಒಳಗೆ ಬಗ್ಗಿದ್ದವು. ಮಾತ್ರೆ ಮುಗಿದು ಎಷ್ಟೋ ವರ್ಷವಾಗಿತ್ತು. ಈಗ ಬರುತ್ತಿದ್ದದ್ದು ಪಾದದ ಹುಣ್ಣಿಗೆ ಪಟ್ಟಿ ಕಟ್ಟಿಸಲು.

"ಹೊಸಬಳೇನವಾ?"

"ಹೌದ್ರಿ."

"ನಾ ಹಳಬ. ನಂದು ಖಾಯಂ ನೌಕರಿ." ತಮ್ಮ ಕೈ ಎತ್ತಿ ತೋರಿಸಿದರು. "ಕುಡಗೋಲ ಹಿಡದು ಹಿಡದು ಕೈಯೇ ಕುಡಗೋಲ ಆತು. ನಿನ್ನವು ಇನ್ನೂ ನೆಟ್ಟಗ ಅದಾವ. ಜಲ್ದಿ ಬಂದಿ ಬಿಡು."

ಜಲ್ದಿ ಬಂದೆ ಎಂದು ನನಗೆ ಹೇಳಿದ ವ್ಯಕ್ತಿ ಅವರೊಬ್ಬರೇ. ಅವರು ಸ್ಟೀಲ್ ಲೋಟವನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿದು ಬಿಸಿ ಚಾ ಕುಡಿಯುತ್ತಿದ್ದರು. ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ನಾನು ಚೀಲದಿಂದ ಮಾರ್ಚ್ ತಿಂಗಳ ಚೌಕವೊಂದನ್ನು ತೆಗೆದು ಲೋಟಕ್ಕೆ ಸುತ್ತಿ ಕೊಟ್ಟೆ.

"ಇದೇನು, ಚಾಕ್ಕ ಅಂಗಿ?" ಎಂದು ನಕ್ಕರು. ನಗುವಾಗ ಚಾ ಚೌಕದ ಮೇಲೆ ಚೆಲ್ಲಿತು. ಮುಂದಿನ ತಿಂಗಳು ಬಂದಾಗ ಅದು ಅವರ ಜೇಬಿನಲ್ಲಿತ್ತು. ಮನೆಯಲ್ಲಿ ನಾನೂ ಹಾಗೆಯೇ ಮಾಡಿದೆ. ರೊಟ್ಟಿಯ ಹಂಚು, ಲೋಟ, ಕುಕ್ಕರಿನ ಹಿಡಿ, ಎಲ್ಲಕ್ಕೂ ಒಂದೊಂದು ಚೌಕ. ಬಿಸಿ ಗೊತ್ತಾಗದ ಕೈಗೆ ಕಣ್ಣಿನಿಂದ ನೋಡಿ ಕೆಲಸ ಮಾಡಬೇಕೆಂದು ವೈದ್ಯೆ ಹೇಳಿದ್ದರು. ಕಲಿಯುವಾಗ ಹಾಕಿದ ಕೆಟ್ಟ ಹೆಣಿಗೆ ಅದಕ್ಕೆ ಸಾಕಾಯಿತು.

ಸೆಪ್ಟೆಂಬರ್ ಕೊನೆಯ ವಾರ ಶೋಭಾ ಹೆಣ್ಣು ಹೆತ್ತಳು. ಹದಿಮೂರನೆಯ ದಿನ ಅವಳ ತವರಲ್ಲೇ ತೊಟ್ಟಿಲು. ಅಷ್ಟರೊಳಗೆ ಟೊಪ್ಪಿಗೆ ಆಗಬೇಕಿತ್ತು. ಆಗ ನನ್ನ ಮುಖ ಮಾತ್ರೆಯಿಂದ ಊದಿತ್ತು, ಮೈಬಣ್ಣ ಕಪ್ಪಾಗಿತ್ತು, ಉಂಗುರಬೆರಳು ಕಿರುಬೆರಳು ಎರಡೂ ದಾರ ಹಿಡಿಯುತ್ತಿರಲಿಲ್ಲ. ಆಪಾ ಒಂದು ಸೇಫ್ಟಿ ಪಿನ್ನನ್ನು ನನ್ನ ಕುಪ್ಪಸದ ಎಡಭುಜಕ್ಕೆ ಚುಚ್ಚಿದರು. ದಾರವನ್ನು ಅದರೊಳಗಿಂದ ತೂರಿಸಿ ನೇರ ಸೂಜಿಗೆ ತಂದರು.

"ಇನ್ನ ಮ್ಯಾಲೆ ನಿನ್ನ ಕಿರುಬೆರಳ ಇಲ್ಲಿ ಐತಿ" ಎಂದು ಭುಜ ತಟ್ಟಿದರು.

ಮೂರು ಸಲ ಬಿಚ್ಚಿ ನಾಲ್ಕನೆಯ ಸಲಕ್ಕೆ ಟೊಪ್ಪಿಗೆ ಸರಿಯಾಯಿತು. ಹಳದಿ ಉಲನ್, ಬಿಳಿ ಅಂಚು. ಗದ್ದದ ಕೆಳಗೆ ಕಟ್ಟುವ ರಿಬ್ಬನ್ ಆಪಾ ತಂದು, ತಾವೇ ಹೂವಿನಂತೆ ಗಂಟು ಹಾಕಿ ಕೊಟ್ಟರು.

ಹೊರಡುವ ಹಿಂದಿನ ದಿನ ಹನುಮಸಾಗರದಿಂದ ಮಲ್ಲೇಶ ಫೋನ್ ಮಾಡಿದ.

"ಅಕ್ಕಾ, ಬರಬ್ಯಾಡ ಅನ್ನಾಂಗಿಲ್ಲ ನಾ."

"ಮತ್ತ?"

"ಬಾ. ಹೆಸರ ಹೇಳು. ಕೂಸಿನ್ನ ಎತ್ಕೋಬ್ಯಾಡ."

"ಡಾಕ್ಟರ್ ನಿನಗ ಹೇಳ್ಯಾರಲ್ಲೋ, ನನ್ನಿಂದ ಯಾರಿಗೂ ಬರಾಂಗಿಲ್ಲ ಅಂತ."

"ನನಗ ಹೇಳ್ಯಾರ. ಇಲ್ಲಿ ಮಂದಿಗೆ ಯಾರ ಹೇಳ್ಯಾರ?"

ಕುಷ್ಟಗಿಯಲ್ಲಿ ಬಸ್ಸು ಬದಲಿಸಿ ಅವ್ವ ಮತ್ತು ನಾನು ಹನ್ನೊಂದರ ಹೊತ್ತಿಗೆ ಹನುಮಸಾಗರ ತಲುಪಿದೆವು. ಯಾರೂ ಕೆಟ್ಟ ಮಾತಾಡಲಿಲ್ಲ. ಶೋಭಾಳ ತಾಯಿ "ಬರ್ರಿ, ಬಿಸಲಾಗ ಬಂದ್ರಿ" ಎಂದು ನೀರು ಕೊಟ್ಟರು. ನನಗೆ ಕೊಟ್ಟದ್ದು ಕಾಗದದ ಲೋಟದಲ್ಲಿ. ಟೊಪ್ಪಿಗೆಯನ್ನು ತಾಟಿನಲ್ಲಿ ಇಸಿದುಕೊಂಡರು. ಅದರ ಮೇಲೆ ಕುಪ್ಪಸದ ಖಣ, ಖಣದ ಮೇಲೆ ಬೇರೆಯವರ ಉಡುಗೊರೆ ಬಂದವು. ಕೂಸಿನ ತಲೆಯ ಮೇಲೆ ಆಗಲೇ ಅಂಗಡಿಯ ಗುಲಾಬಿ ಟೊಪ್ಪಿಗೆ ಇತ್ತು.

ಹೆಸರು ಹೇಳಲು ನನ್ನನ್ನು ಕರೆದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದೆ. ಕೂಸಿನ ಕಿವಿಯಲ್ಲಿ ಕುರ್ರ್ ಎಂದು, ಅವರು ಆರಿಸಿದ್ದ ಹೆಸರು ಹೇಳಿದೆ: ಸಾನ್ವಿ. ಹೇಳಿ ಹಾಗೆಯೇ ಬಗ್ಗಿ ಗುದ್ದಿಗೆ ಕಾದೆ. ಸುತ್ತ ಹತ್ತು ಹನ್ನೆರಡು ಹೆಂಗಸರಿದ್ದರು. ಬಳೆಗಳ ಸಪ್ಪಳ ಕೇಳಿತು, ಅದು ನಿಂತಿತು. ಯಾರೋ ಕೆಮ್ಮಿದರು. ಆಮೇಲೆ ಒಂದು ಗುದ್ದು ಬಿತ್ತು, ಉಸಿರು ಕಟ್ಟುವಷ್ಟು ಜೋರಾಗಿ. ತಿರುಗಿ ನೋಡಿದೆ. ಅವ್ವ ನಿಂತಿದ್ದಳು. ನಗುತ್ತಿರಲಿಲ್ಲ. ಎರಡನೆಯ ಗುದ್ದು ಬೀಳಲಿಲ್ಲ.

ಸಂಜೆ ಬಸ್ಸಿಗೆ ಇಬ್ಬರೂ ಊರಿಗೆ ಬಂದೆವು. ಮರುದಿನ ಬೆಳಿಗ್ಗೆ ಅಪ್ಪನ ತಾಟು ಎಲ್ಲರ ತಾಟುಗಳ ನಡುವೆ ಇತ್ತು.

ಮರುವರ್ಷದ ಫೆಬ್ರುವರಿಯಲ್ಲಿ ಶೋಭಾ ಕೂಸಿನೊಂದಿಗೆ ಕೊಪ್ಪಳಕ್ಕೆ ಮರಳಿದಳು, ಆದರೆ ನಮ್ಮ ಮನೆಗಲ್ಲ. ಮಲ್ಲೇಶ ನಿಲ್ದಾಣದ ಹತ್ತಿರ ಬೇರೆ ಮನೆ ಹಿಡಿದಿದ್ದ. ಅದೇ ತಿಂಗಳು ಆಸ್ಪತ್ರೆಯ ಬೆಂಚಿನಲ್ಲಿ ದುರ್ಗಪ್ಪ ಕಾಣಲಿಲ್ಲ. ಹುಣ್ಣು ಏರಿ ಹುಬ್ಬಳ್ಳಿಗೆ ಕಳಿಸಿದ್ದಾರೆ ಎಂದು ದಾದಿ ಹೇಳಿದರು. ಆಮೇಲಿನ ಸುದ್ದಿಗೆ ಎರಡು ಸಲ ವಿಚಾರಿಸಿದೆ, ಸಿಗಲಿಲ್ಲ. ಜೂನ್‌ನಲ್ಲಿ ನನ್ನ ಮಾತ್ರೆ ಮುಗಿಯಿತು. ಮುಖದ ಊತ ಇಳಿಯಿತು, ಬಣ್ಣ ತಿಳಿಯಾಗುತ್ತ ಬಂತು. ಕೊನೆಯ ಪರೀಕ್ಷೆಯಲ್ಲಿ ಕಣ್ಣು ಮುಚ್ಚಿ ಉಂಗುರಬೆರಳಿನ ಸ್ಪರ್ಶ ತೋರಿಸಿದೆ. ಕಿರುಬೆರಳಿನದು ತೋರಿಸಲಿಲ್ಲ. ಇನ್ನು ಅದು ಮರಳುವ ಸಾಧ್ಯತೆ ಕಡಿಮೆ ಎಂದು ವೈದ್ಯೆ ಹೇಳಿದರು. ರೋಗದ ಹೆಸರಿಗೆಂದು ಬಿಟ್ಟಿದ್ದ ಖಾಲಿ ಜಾಗವನ್ನು ಆ ದಿನ ತುಂಬಿದೆ. ಬೆಂಚಿನ ಮೇಲೆ ಕುಳಿತಿದ್ದ ವರ್ಷದಲ್ಲಿ, ನನಗೂ ಇದು ಆಗಿತ್ತು ಎಂದು ಬರೆದ ನಮ್ಮ ಕಡೆಯ ಒಬ್ಬರನ್ನೂ ನಾನು ಓದಿರಲಿಲ್ಲ. ಹಾಗಾಗಿ ಇದನ್ನು ಬರೆದಿದ್ದೇನೆ.

ಆ ದೀಪಾವಳಿಗೆ ಮಲ್ಲೇಶ ಕೂಸಿಗೆ ಸಣ್ಣದಾದ ಅರಿವೆಗಳ ಗಂಟೊಂದನ್ನು ಯಾರಿಗಾದರೂ ಕೊಡಲು ಅವ್ವನಿಗೆ ತಂದುಕೊಟ್ಟ. ಅದರಲ್ಲಿ ಹಳದಿ ಟೊಪ್ಪಿಗೆಯೂ ಇತ್ತು. ರಿಬ್ಬನ್ನಿನ ಗಂಟು ಆಪಾ ಹಾಕಿದ್ದು ಹಾಗೆಯೇ ಇತ್ತು.

ಕಳೆದ ಭಾನುವಾರ ಮಲ್ಲೇಶ ಮತ್ತು ಶೋಭಾ ಸಾನ್ವಿಯನ್ನು ಕರೆದುಕೊಂಡು ಮನೆಗೆ ಬಂದಿದ್ದರು. ಅವಳು ಈಗ ಓಡಾಡುತ್ತಾಳೆ. ಅವ್ವ ಚಾಕ್ಕೆ ಇಟ್ಟಿದ್ದಳು. ನಾನು ಬಾಗಿಲಲ್ಲಿ ನಿಂತು, ಕಟ್ಟೆಯ ಮೇಲಿದ್ದ ಆಪಾರೊಂದಿಗೆ ಮಾತಾಡುತ್ತಿದ್ದೆ. ಮಲ್ಲೇಶನವರು ಹೋದ ಮೇಲೆ ಲೋಟ ತೊಳೆಯುತ್ತ ಅವ್ವ ಹೇಳಿದಳು.

"ಕೂಸು ಬಂದು ನಿನ್ನ ಎಡಗೈ ಕಿರುಬೆರಳ ಹಿಡಕೊಂಡು ನಿಂತಿತ್ತು. ನೀ ಹೊಳ್ಳಿ ನೋಡಲೇ ಇಲ್ಲ."

"ಶೋಭಾ ಏನಂದ್ಲು?"

"ಏನೂ ಅನ್ನಲಿಲ್ಲ. ನೋಡಕೋತ ಕುಂತಿದ್ಲು."

"ಎಷ್ಟೊತ್ತು ಹಿಡಕೊಂಡಿತ್ತು?"

"ಚಾ ಕುದಿಯೂತನಕ."